ಪನೀರ್ ಘಟಕದಲ್ಲಿ ಲಿಸ್ಟೀರಿಯಾ ಎಲ್ಲಿದೆ ಅಂತ ಕಂಪ್ಯೂಟರ್ ಹೇಳುತ್ತಾ?

ಪ್ರಶ್ನೆ: ಬೀದರ್‌ನಲ್ಲಿ ನಮ್ದು ಸಣ್ಣ ಪನೀರ್ ಘಟಕ. ದಿನಾ ತೊಳೀತೀವ್ರಿ, ಆದ್ರೂ ಒಮ್ಮೊಮ್ಮೆ ಸ್ವಾಬ್ ಟೆಸ್ಟ್‌ನ್ಯಾಗ (ಹತ್ತಿ ಕಡ್ಡಿಲೆ ಜಾಗ ಒರೆಸಿ ಲ್ಯಾಬ್‌ನ್ಯಾಗ ನೋಡೋದು) ಲಿಸ್ಟೀರಿಯಾ ಅನ್ನೋ ರೋಗ ತರೋ ಬ್ಯಾಕ್ಟೀರಿಯಾ ಸಿಗ್ತದ. ಕಂಪ್ಯೂಟರ್ ಸಿಮ್ಯುಲೇಶನ್ ಮಾಡಿದ್ರ ಅದು ಎಲ್ಲಿದೆ ಅಂತ ಗೊತ್ತಾಗ್ತದಂತ, ಖರೇನಾ? ಹಂಗಾದ್ರ ಸ್ವಾಬ್ ಬಿಡಬಹುದೇನ್ರಿ?

ಸ್ವಾಬ್ ದಯವಿಟ್ಟು ಬಿಡಬೇಡಿ. ಕಂಪ್ಯೂಟರ್ ನಿಮ್ಮ ಘಟಕವನ್ನು ಕಣ್ಣಿಂದ ನೋಡುವುದಿಲ್ಲ. ಎಲ್ಲಿ, ಯಾವಾಗ ಸ್ವಾಬ್ ತೆಗೆದರೆ ಸಿಗುವ ಸಾಧ್ಯತೆ ಜಾಸ್ತಿ ಅನ್ನೋದನ್ನು ಮಾತ್ರ ಹೇಳುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2019ರಲ್ಲಿ 'ಇನೇಬಲ್' ಅನ್ನೋ ಇಂಥ ಕಂಪ್ಯೂಟರ್ ಮಾದರಿ ಪ್ರಕಟಿಸಿದರು. ಅವರು ತಗೊಂಡಿದ್ದು ಸಾಲ್ಮನ್ ಮೀನಿನ ಘಟಕ. ಕತ್ತರಿಸುವ ಯಂತ್ರ, ಟೇಬಲ್, ನೆಲ, ಕೆಲಸಗಾರರ ಕೈ, ಇವೆಲ್ಲ ಅದರಲ್ಲಿ ಬೇರೆ ಬೇರೆ ಪಾತ್ರಗಳು. ಯಾವುದು ಯಾವುದನ್ನು ಮುಟ್ಟುತ್ತದೆ, ಎಲ್ಲಿ ನೀರು ನಿಲ್ಲುತ್ತದೆ, ಯಾವ ಹೊತ್ತಿಗೆ ತೊಳೆಯುತ್ತಾರೆ ಅಂತ ತುಂಬಿಸಿ, ಬ್ಯಾಕ್ಟೀರಿಯಾ ಹೇಗೆ ಹರಡುತ್ತೆ ಅನ್ನೋದನ್ನು ಗಂಟೆ ಗಂಟೆಗೂ ಲೆಕ್ಕ ಹಾಕಿ, ಅದನ್ನೇ ಮತ್ತೆ ಮತ್ತೆ ಓಡಿಸುತ್ತಾರೆ. ಒಂದೇ ಸಲ ಓಡಿಸಿದರೆ ಬರುವ ಉತ್ತರ ಬರೀ ಆಕಸ್ಮಿಕ ಇರಬಹುದಲ್ವಾ?

ಹೀಗೆ ಓಡಿಸಿದಾಗ ಎರಡು ಥರದ ಜಾಗ ಬೇರೆಯಾಗುತ್ತವೆ. ಕೆಲವು ಕಡೆ ಬ್ಯಾಕ್ಟೀರಿಯಾ ಬರ್ತಾ ಹೋಗ್ತಾ ಇರುತ್ತೆ, ತೊಳೆದರೆ ಮುಗೀತು. ಇನ್ನು ಕೆಲವು ಕಡೆ ಒಮ್ಮೆ ಹೊಕ್ಕರೆ ಕೂತೇ ಬಿಡುತ್ತೆ: ನೆಲದ ಮೋರಿ, ಯಂತ್ರದ ಸಂದು, ಸವೆದ ರಬ್ಬರ್ ಪಟ್ಟಿ. ಹಾಲು ಕಾಯಿಸಿದಾಗ ಲಿಸ್ಟೀರಿಯಾ ಸಾಯುತ್ತದೆ, ನಿಜ. ಆಮೇಲೆ ಇಂಥ ಜಾಗದಿಂದ ಪನೀರಿಗೆ ಸೇರಿದರೆ 4 ಡಿಗ್ರಿ ಫ್ರಿಜ್‌ನಲ್ಲೂ ಬೆಳೆಯುತ್ತದೆ. ಗರ್ಭಿಣಿಗೆ ತಗುಲಿದರೆ ಮಗುವನ್ನೇ ಕಳೆದುಕೊಳ್ಳಬಹುದು, ಅದಕ್ಕೇ ಇಷ್ಟು ಒತ್ತಿ ಹೇಳ್ತಿರೋದು.

ಸಮಯವೂ ಮುಖ್ಯ. ತೊಳೆದ ಕೂಡಲೇ ಸ್ವಾಬ್ ತೆಗೆದರೆ ಎಲ್ಲ ಚೆನ್ನಾಗೇ ಕಾಣುತ್ತೆ. ಕೆಲಸ ಶುರುವಾಗಿ 3-4 ಗಂಟೆ ಆದ ಮೇಲೆ ತೆಗೆಯಿರಿ, ಸಂದಿನಲ್ಲಿದ್ದದ್ದು ಅಷ್ಟೊತ್ತಿಗೆ ಹೊರಗೆ ಬಂದಿರುತ್ತೆ.

ಆ ಮೀನಿನ ಘಟಕದ ಲೆಕ್ಕವನ್ನು ಸುಮ್ನೆ ಬೀದರ್‌ಗೆ ತಂದು ಹಾಕಿದರೆ ನಡೆಯಲ್ಲ. ಮಳೆಗಾಲದಲ್ಲಿ ನಿಮ್ಮ ಕೋಲ್ಡ್ ರೂಮಿನ ಬಾಗಿಲು ತೆಗೆದಾಗೆಲ್ಲ ಚಾವಣಿಯಲ್ಲಿ ನೀರು ಕಟ್ಟಿ ತೊಟ್ಟಿಕ್ಕುತ್ತಾ? ಪೈಪಿನ ರಭಸಕ್ಕೆ ಮೋರಿ ನೀರು ಟೇಬಲ್‌ವರೆಗೂ ಸಿಡಿಯುತ್ತಾ? ಮಾದರಿಗೆ ಬೇಕಾಗೋದು ಇದೇ ಮಾಹಿತಿ. ಸಾಫ್ಟ್‌ವೇರ್ ಇಲ್ಲದಿದ್ದರೂ ಘಟಕದ ನಕ್ಷೆ ಬರೆದು ಜನ, ಟ್ರಾಲಿ, ನೀರು ಓಡಾಡೋ ದಾರಿ ಗುರುತಿಸಿ, ಪ್ರತಿ ಸ್ವಾಬ್ ಫಲಿತಾಂಶವನ್ನೂ ತಾರೀಖಿನ ಜೊತೆ ಅದರ ಮೇಲೇ ಬರೆಯಿರಿ. ತೊಳೆದ ಮೇಲೂ ಒಂದೇ ಜಾಗ ಮತ್ತೆ ಮತ್ತೆ ಪಾಸಿಟಿವ್ ಬಂದರೆ ಅಲ್ಲಿನ ಯಂತ್ರ ಬಿಚ್ಚಿಸಿ.