ವಿಮಾನಕ್ಕೆ ಯಾವ ಡಬಲ್ ಬಾಸ್? ತಂತಿ ಪೂರ್ತಿ ಸಡಿಲಿಸಬೇಕಾ?

ಪ್ರಶ್ನೆ: ಕಾರ್ಯಕ್ರಮಗಳಿಗೆ ಆಗಾಗ ವಿಮಾನದಲ್ಲಿ ಹೋಗಬೇಕು. ಎಂಥ ಡಬಲ್ ಬಾಸ್ (ಪಿಟೀಲಿನ ಬಳಗದ ಆಳೆತ್ತರದ ವಾದ್ಯ) ಕೊಳ್ಳಲಿ? ತಂತಿಯನ್ನಂತೂ ಪೂರ್ತಿ ಸಡಿಲಿಸಿಯೇ ಕಳಿಸಬೇಕು, ಅಲ್ವಾ?

ಮೊದಲನೆಯದಕ್ಕೆ ಉತ್ತರ ಚಿಕ್ಕದು. ನೀವು ನುಡಿಸುವುದೆಲ್ಲ ಆಂಪ್ಲಿಫೈಯರ್ ಮೂಲಕವೇ ಆದರೆ ಯಮಹಾ ಸೈಲೆಂಟ್ ಬಾಸ್ ಥರದ ಎಲೆಕ್ಟ್ರಿಕ್ ಅಪ್‌ರೈಟ್ (ದೊಡ್ಡ ಒಡಲಿಲ್ಲದ, ನಿಲ್ಲಿಸಿ ನುಡಿಸುವ ವಿದ್ಯುತ್ ಬಾಸ್) ಸಾಕು. ಮರದ ಒಡಲಿನ ನಾದವೇ ಬೇಕು ಅನ್ನುವವರಿಗೆ ಕುತ್ತಿಗೆ ಕಳಚುವ ಬಾಸ್. ಯಾವುದೇ ಆಗಲಿ, ನುಡಿಯುವ ತಂತಿಯ ಉದ್ದ ನೀವು ದಿನಾ ಅಭ್ಯಾಸ ಮಾಡುವ ಬಾಸಿನಷ್ಟೇ ಇರಲಿ. ಸಾಮಾನ್ಯವಾಗಿ ಅದು 104ರಿಂದ 106 ಸೆಂ.ಮೀ. ಕಮ್ಮಿಯಾದರೆ ಎಡಗೈಗೆ ರೂಢಿಯಾದ ಜಾಗಗಳೆಲ್ಲ ತಪ್ಪುತ್ತವೆ.

ಇನ್ನು ಪೆಟ್ಟಿಗೆ. ಎಷ್ಟೋ ವಿಮಾನ ಸಂಸ್ಥೆಗಳಲ್ಲಿ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. ಮಿತಿ. ಬಾಸಿನ ಒಡಲೇ ಸುಮಾರು 110 ಸೆಂ.ಮೀ. ಉದ್ದ, ಅಗಲ ಎತ್ತರ ಸೇರಿಸಿದರೆ ಕುತ್ತಿಗೆ ಕಳಚಿದರೂ ಅಳತೆ ಮೀರುತ್ತದೆ, ಹೆಚ್ಚಿನ ಶುಲ್ಕ ಬೀಳುತ್ತದೆ. ತೂಕ ಮಾತ್ರ 32 ಕೆಜಿ ದಾಟಬಾರದು. ಕೊಳ್ಳುವ ಮುಂಚೆ ಪೆಟ್ಟಿಗೆ ಸಮೇತ ತೂಗಿ ನೋಡಿ.

ಈಗ ತಂತಿಯ ವಿಷಯ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಮತ್ತೆ ಹೇಳುತ್ತೇನೆ, ಯಾಕೆಂದರೆ ಒಳ್ಳೊಳ್ಳೆ ಬಾಸ್‌ಗಳು ಇದರಿಂದಲೇ ಹಾಳಾಗುತ್ತಿವೆ. "ಸರಕಿನ ಕೋಣೆಯಲ್ಲಿ ಗಾಳಿಯ ಒತ್ತಡ ಇರಲ್ಲ, ತಂತಿ ಬಿಗಿಯಾಗಿದ್ದರೆ ಮರ ಸೀಳುತ್ತದೆ" ಅನ್ನುತ್ತಾರೆ. ತಪ್ಪು. ಪ್ರಯಾಣಿಕರ ವಿಮಾನದಲ್ಲಿ ನೀವು ಕೂತ ಜಾಗಕ್ಕೂ ಕೆಳಗಿನ ಸರಕಿನ ಕೋಣೆಗೂ ಒತ್ತಡ ಒಂದೇ. ಹೆಚ್ಚೆಂದರೆ 8,000 ಅಡಿ ಎತ್ತರದ ಬೆಟ್ಟದ ಮೇಲೆ ನಿಂತಷ್ಟು. ಬಾಸಿನ ಎದೆಯ (ಮುಂಭಾಗದ ಹಲಗೆಯ) ಮೇಲೆ ಎರಡು ಸೀಳುಗಳಿವೆ, ಗಾಳಿ ಸಲೀಸಾಗಿ ಓಡಾಡುತ್ತದೆ. ಒತ್ತಡಕ್ಕೆ ಸಿಡಿಯಲು ಅದೇನು ಬಲೂನಲ್ಲ. ಮರಕ್ಕೆ ನಿಜವಾದ ಶತ್ರುಗಳು ಪೆಟ್ಟು ಮತ್ತು ಒಣ ಹವೆ.

ತಂತಿ ಪೂರ್ತಿ ಸಡಿಲಿಸಿದರೆ ಆಗುವುದೇನು? ನಾಲ್ಕು ತಂತಿಗಳ ಎಳೆತ ಒಟ್ಟು 100 ಕೆಜಿಗೂ ಜಾಸ್ತಿ. ಬ್ರಿಜ್, ಅಂದರೆ ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ನಿಂತಿರುವುದೇ ಆ ಎಳೆತದಿಂದ. ಒಳಗಿನ ಸೌಂಡ್ ಪೋಸ್ಟ್‌ಗೂ ಅಂಟು ಹಾಕಿರುವುದಿಲ್ಲ, ಎದೆ ಬೆನ್ನುಗಳ ನಡುವೆ ಸಿಕ್ಕಿಸಿಟ್ಟ ಕಡ್ಡಿ ಅದು. ಬಿರಡೆ ತಿರುಗಿಸುತ್ತಾ ಹೋಗಿ, ಒಂದು ಹಂತದಲ್ಲಿ ಒಳಗೆ 'ಟಕ್' ಅಂತ ಕೇಳಿಸಬಹುದು. ಕೇಳಿಸಿತೋ, ಪೋಸ್ಟ್ ಬಿತ್ತು. ಅದು ಇಲ್ಲದೆ ತಂತಿ ಬಿಗಿದರೆ ಎದೆ ಕುಸಿಯಬಹುದು. ಹೋದ ಊರಲ್ಲಿ ಅದನ್ನು ನಿಲ್ಲಿಸಿ ಕೊಡುವವರು ಸಿಗಬೇಕಲ್ಲ?

ಶ್ರುತಿಯನ್ನು ಅರ್ಧ ಸ್ವರ ಇಳಿಸಿ, ಅಷ್ಟು ಸಾಕು. ಬ್ರಿಜ್‌ನ ಎರಡೂ ಕಡೆ ಸ್ಪಂಜು ಒತ್ತಿಡಿ. ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಪಟ್ಟಿ) ಕೆಳಗೆ ದಪ್ಪ ಬಟ್ಟೆ ಮಡಿಸಿಡಿ, ಬ್ರಿಜ್ ಬಿದ್ದರೂ ಎದೆಗೆ ಗಾಯವಾಗುವುದಿಲ್ಲ. ಕುತ್ತಿಗೆ ಕಳಚುವ ಬಾಸಿನಲ್ಲಿ ತಂತಿ ಇಳಿಸದೆ ಬೇರೆ ದಾರಿಯಿಲ್ಲ. ಅದಕ್ಕೇ ಸೌಂಡ್ ಪೋಸ್ಟ್ ಬೀಳದಂತೆ ಏನು ಏರ್ಪಾಡು ಮಾಡಿದ್ದೀರಿ ಅಂತ ತಯಾರಕರನ್ನು ಕೇಳಿಯೇ ಕೊಳ್ಳಿ.

ನಿಜವಾಗಿ ಪೂರ್ತಿ ಸಡಿಲಿಸಬೇಕಾದದ್ದು ಕಮಾನು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ! ಒಣ ಹವೆಗೆ ಕುದುರೆ ಕೂದಲು ಗಿಡ್ಡವಾಗುತ್ತದೆ. ಬಿಗಿದೇ ಇಟ್ಟರೆ ಕಮಾನಿನ ತುದಿ ಮುರಿಯಬಹುದು. ತುದಿಯಲ್ಲಿ ಆನೆದಂತ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ, ಗಡಿ ದಾಟುವಾಗ ಅದಕ್ಕೆ ಕಾಗದಪತ್ರ ಬೇಕು.