ಹುಬ್ಬಳ್ಳಿ–ಬೆಂಗಳೂರು ವಿಮಾನ: ಲೆಕ್ಕದಲ್ಲಿ 45 ನಿಮಿಷ, ಟಿಕೆಟ್‌ನಲ್ಲಿ ಗಂಟೆ ಮೇಲೆ

"ಹುಬ್ಬಳ್ಳಿಯಿಂದ ಬೆಂಗಳೂರ ಎಷ್ಟ್ ದೂರ ಆಗ್ತದಲೇ?" ಧಾರವಾಡದ ಸಪ್ತಾಪುರದ ನಮ್ಮ ರೂಮಿನಲ್ಲಿ ಮೊನ್ನೆ ಗೆಳೆಯ ಕೇಳಿದ. ಯಾವುದರಲ್ಲಿ ಹೋಗ್ತೀಯ ಅಂತ ನಾನು ತಿರುಗಿ ಕೇಳಬೇಕಾಯಿತು. ರಸ್ತೆ ಹಿಡಿದರೆ ಸುಮಾರು 410 ಕಿ.ಮೀ. ರೈಲು ಅರಸೀಕೆರೆ ಸುತ್ತಿ ಹೋಗುತ್ತದೆ, ಹಾಗಾಗಿ 470ರ ಹತ್ತಿರ. ವಿಮಾನದ ದೂರ ಎರಡಕ್ಕಿಂತ ಕಡಿಮೆ. ಅದನ್ನು ನಾವೇ ಲೆಕ್ಕ ಹಾಕಬಹುದು.

ಹುಬ್ಬಳ್ಳಿ ವಿಮಾನ ನಿಲ್ದಾಣದ ಅಕ್ಷಾಂಶ 15.36, ರೇಖಾಂಶ 75.08. ಬೆಂಗಳೂರಿನದು 13.20 ಮತ್ತು 77.71. ಅಕ್ಷಾಂಶದ ವ್ಯತ್ಯಾಸ 2.16 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ., ಅಂದರೆ ಉತ್ತರ-ದಕ್ಷಿಣವಾಗಿ 240 ಕಿ.ಮೀ.

ರೇಖಾಂಶದಲ್ಲಿ ಸ್ವಲ್ಪ ಹುಷಾರಾಗಿರಿ. ಮೋಸಂಬಿ ತೊಳೆ ನೋಡಿದ್ದೀರಲ್ಲ? ನಡುವೆ ದಪ್ಪ, ತುದಿಗೆ ಹೋದಂತೆ ಸಣ್ಣ. ರೇಖಾಂಶಗಳ ನಡುವಿನ ಅಂತರವೂ ಹಾಗೇ, ಧ್ರುವದ ಕಡೆ ಹೋದಂತೆ ಕಿರಿದಾಗುತ್ತದೆ. ಅದಕ್ಕೇ 111ನ್ನು ಅಕ್ಷಾಂಶದ ಕೊಸೈನ್‌ನಿಂದ ಗುಣಿಸಬೇಕು. ಎರಡೂ ಊರಿನ ಸರಾಸರಿ ಅಕ್ಷಾಂಶ 14.28, ಅದರ ಕೊಸೈನ್ 0.969. ರೇಖಾಂಶದ ವ್ಯತ್ಯಾಸ 2.63 ಡಿಗ್ರಿ. ಗುಣಿಸಿದರೆ ಪೂರ್ವ-ಪಶ್ಚಿಮವಾಗಿ 283 ಕಿ.ಮೀ.

ಮೊದಲ ಸಲ ನನಗೆ ಇಲ್ಲಿ ಮೈನಸ್ 41 ಚಿಲ್ಲರೆ ಬಂದಿತ್ತು! ಕ್ಯಾಲ್ಕುಲೇಟರ್ ಡಿಗ್ರಿ ಬದಲು ರೇಡಿಯನ್ (ಕೋನ ಅಳೆಯುವ ಇನ್ನೊಂದು ಮಾನ) ಮೋಡ್‌ನಲ್ಲಿತ್ತು. ಅರ್ಧ ಗಂಟೆ ಸುಮ್ನೆ ಸೂತ್ರವನ್ನೇ ಬೈದೆ.

ಇನ್ನು ಪೈಥಾಗೊರಸ್. 240ರ ವರ್ಗ, 283ರ ವರ್ಗ, ಕೂಡಿಸಿ ವರ್ಗಮೂಲ ತೆಗೆದರೆ 371 ಕಿ.ಮೀ. ಒಂದು ನಾಟಿಕಲ್ ಮೈಲು 1.852 ಕಿ.ಮೀ., ಹಾಗಾಗಿ ಪೈಲಟ್ ಲೆಕ್ಕದಲ್ಲಿ ಇದು ಹೆಚ್ಚುಕಡಿಮೆ 200 ನಾಟಿಕಲ್ ಮೈಲು. ನೆನಪಿಡಲು ಸುಲಭ, ಅಲ್ವಾ? ಲಂಡನ್‌ನಂಥ ದೂರದ ಊರಿಗೆ ಮಾತ್ರ ಈ ದಾರಿ ಸಾಲದು, ಭೂಮಿಯ ದುಂಡು ಅಡ್ಡ ಬರುತ್ತದೆ.

ಈಗ ಸಮಯ. ಎರಡು ಪ್ರೊಪೆಲ್ಲರ್‌ನ ಎಟಿಆರ್ ಎಂಬ ಸಣ್ಣ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. 371ನ್ನು 500ರಿಂದ ಭಾಗಿಸಿದರೆ 45 ನಿಮಿಷ. ಟಿಕೆಟ್‌ನಲ್ಲಿ ಮಾತ್ರ ಗಂಟೆ ಮೇಲೆ ಇರುತ್ತದೆ. ಯಾಕೆ?

ಟಿಕೆಟ್‌ನಲ್ಲಿ ಇರುವುದು ಹಾರುವ ಸಮಯವಲ್ಲ, ಬ್ಲಾಕ್ ಟೈಮ್. ಚಕ್ಕಡಿ ನಿಲ್ಲಿಸಿದಾಗ ಗಾಲಿಗೆ ಕಲ್ಲು ಕೊಡುತ್ತೇವಲ್ಲ, ವಿಮಾನದ ಗಾಲಿಗೂ ಹಾಗೇ ಅಡ್ಡ ಕೊಡುತ್ತಾರೆ. ಹುಬ್ಬಳ್ಳಿಯಲ್ಲಿ ಅದನ್ನು ತೆಗೆದು ಹೊರಟಲ್ಲಿಂದ ಬೆಂಗಳೂರಿನಲ್ಲಿ ಮತ್ತೆ ಕೊಡುವ ತನಕದ ಸಮಯ ಅದು. ರನ್‌ವೇ ತನಕ ಉರುಳಿಕೊಂಡು ಹೋಗುವುದು, ಸರದಿಗೆ ಕಾಯುವುದು ಎಲ್ಲ ಅದರೊಳಗೇ. ಏರುವಾಗ, ಇಳಿಯುವಾಗ ಪೂರ್ತಿ ವೇಗವೂ ಇರುವುದಿಲ್ಲ.

ನನಗೆ ಜಾಸ್ತಿ ಇಷ್ಟವಾದ ಕಾರಣ ಗಾಳಿಯದು. ವಿಮಾನ ಗಾಳಿಗೆ ಎದುರಾಗಿ ಇಳಿಯುತ್ತದೆ. ಬೆಂಗಳೂರಿನ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ, ಆದ್ದರಿಂದ ಮುಖ ಪಶ್ಚಿಮಕ್ಕೆ ಮಾಡಿ ಇಳಿಯಬೇಕು. ನಮ್ಮ ವಿಮಾನ ಬರುವುದು ವಾಯವ್ಯದಿಂದ. ಹಾಗಾಗಿ ನಿಲ್ದಾಣವನ್ನು ದಾಟಿ, ಪೂರ್ವಕ್ಕೆ ಹೋಗಿ, ತಿರುಗಿ ಬರಬೇಕು. ಆ ಸುತ್ತು ನಮ್ಮ 371ರಲ್ಲಿ ಎಲ್ಲೂ ಇಲ್ಲ.

ಈಗ ನೀವು ಹುಬ್ಬಳ್ಳಿಯಿಂದ ಮುಂಬೈಗೆ ಲೆಕ್ಕ ಹಾಕಿ ನೋಡಿ: 19.09, 72.87. 475 ಕಿ.ಮೀ. ಆಸುಪಾಸು ಬರಬೇಕು. ಕೊಸೈನ್ ಮೈನಸ್ ತೋರಿಸಿದರೆ ಮೊದಲು ಮೋಡ್ ನೋಡಿ.