ಏಳು ದಿನ ಮುಗಿದರೆ ಹಕ್ಕೂ ಮುಗಿಯಿತೇ?

ಗಂಗಾವತಿಯ ಅಕ್ಕನ ಮನೆಗೆ ಹೊಸ ಲ್ಯಾಪ್‌ಟಾಪ್ ಬಂದಿದ್ದು ಒಂದು ಶುಕ್ರವಾರ ಸಂಜೆ. ಮಗಳು ಎಂಜಿನಿಯರಿಂಗ್ ಸೇರಿದ್ದಳು. ಭತ್ತ ಮಾರಿ ಬಂದ ದುಡ್ಡಿನಲ್ಲಿ ಅಕ್ಕ, ಭಾವ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದರು. ನಾಲ್ಕನೇ ದಿನ ಅವಳ ಫೋನ್ ಬಂತು. "ಮಾಮಾ, ಸ್ಕ್ರೀನ್ ಮಿಣಿಮಿಣಿ ಅನ್ನಾಕತ್ತೈತಿ. ಅರ್ಧ ತಾಸು ಆದಮ್ಯಾಲೆ ಪೂರಾ ಬಂದ್ ಆಗಿಬಿಡ್ತೈತಿ."

ಅವತ್ತೇ ಆ್ಯಪ್‌ನಲ್ಲಿ ರಿಟರ್ನ್ ಒತ್ತಿದಳು. ಮೊದಲು ಟೆಕ್ನಿಷಿಯನ್ ಬಂದು ನೋಡಬೇಕು ಎಂಬ ಉತ್ತರ ಬಂತು. ಅವರು ಬಂದಿದ್ದು ಒಂಬತ್ತನೇ ದಿನ. ಇದ್ದಿದ್ದು ಹದಿನೈದು ನಿಮಿಷ. ಅಷ್ಟು ಹೊತ್ತೂ ಸ್ಕ್ರೀನ್ ಸರಿಯಾಗೇ ಇತ್ತು. "ತೊಂದರೆ ಕಂಡುಬಂದಿಲ್ಲ" ಎಂದು ಬರೆದು ಹೋದರು. ಮರುದಿನ ಆ್ಯಪ್ ತೆರೆದರೆ ಏಳು ದಿನದ ರಿಟರ್ನ್ ಅವಧಿ ಮುಗಿದಿದೆ, ಕಂಪನಿಯ ಸರ್ವಿಸ್ ಸೆಂಟರ್‌ಗೆ ಹೋಗಿ ಎಂಬ ಸಾಲು. ಆ ಸರ್ವಿಸ್ ಸೆಂಟರ್ ಇದ್ದದ್ದು ಹುಬ್ಬಳ್ಳಿಯಲ್ಲಿ.

ಏಳು ದಿನದ ಈ ಗಡುವು ಎಲ್ಲಿಂದ ಬಂತು? ಅದು ಕಾನೂನಿನದ್ದಲ್ಲ, ಕಂಪನಿ ತಾನೇ ಹಾಕಿಕೊಂಡದ್ದು. ಈ ವ್ಯತ್ಯಾಸ ನಮ್ಮ ಕಡೆಯ ಬಹಳಷ್ಟು ಮನೆಗಳಿಗೆ ಗೊತ್ತಿಲ್ಲ. ಗೊತ್ತಿಲ್ಲದ ಕಾರಣಕ್ಕೇ ಎಷ್ಟೋ ಜನ ಸುಮ್ನೆ ಕೈಬಿಡುತ್ತಾರೆ. ಹಾಗಾಗಿ ಈ ಹಕ್ಕು ಎಲ್ಲಿಂದ ಶುರುವಾಗಿ ಇಲ್ಲಿಗೆ ಬಂತು ಎಂದು ಸ್ವಲ್ಪ ಹಿಂದಿನಿಂದಲೇ ಹೇಳುತ್ತೇನೆ.

ಮೊದಲ ಹೆಜ್ಜೆ 1930ರ ಸರಕು ಮಾರಾಟ ಕಾಯ್ದೆ. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿಗೆ ಕಾಯ್ದೆ ಆಗಲೇ ಬಂತು. ರಾಯಚೂರು, ಕೊಪ್ಪಳ ನಿಜಾಮರ ರಾಜ್ಯಕ್ಕೆ ಸೇರಿದ್ದವು. ಈ ಕಾಯ್ದೆ ಹೈದರಾಬಾದ್ ರಾಜ್ಯಕ್ಕೆ ವಿಸ್ತರಣೆಯಾಗಿದ್ದು 1951ರಲ್ಲಿ. ಕಾಯ್ದೆಯ ಮೂಲ ಮಾತು "ಕೊಳ್ಳುವವನೇ ಎಚ್ಚರದಿಂದಿರಬೇಕು" ಎನ್ನುವುದು. ಸಂತೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲು ನೋಡಿ, ನಡೆಸಿ ನೋಡಿ ಕೊಳ್ಳುತ್ತೇವಲ್ಲ, ಹಾಗೆ. ನೋಡದೆ ಕೊಂಡರೆ ತಪ್ಪು ನಿನ್ನದು.

ಆದರೆ ಅದೇ ಕಾಯ್ದೆ ಕೆಲವು ಬಾಗಿಲು ತೆರೆದಿಟ್ಟಿತ್ತು. ವಿವರಣೆ ನಂಬಿ ಕೊಂಡ ಮಾಲು ಆ ವಿವರಣೆಗೆ ಹೊಂದಬೇಕು ಎನ್ನುತ್ತದೆ 15ನೇ ಕಲಂ. ಅಂಥ ಮಾಲು ಮಾರುವುದೇ ಕಸುಬಾದವನಿಂದ ವಿವರಣೆ ನಂಬಿ ಕೊಂಡರೆ, ಅದು ಮಾರಲು ಯೋಗ್ಯವಾದ ಗುಣಮಟ್ಟದಲ್ಲಿರಬೇಕು ಎನ್ನುತ್ತದೆ 16ನೇ ಕಲಂ. ನೋಡದೆ ಕೊಂಡ ಮಾಲನ್ನು ಪರೀಕ್ಷಿಸಿ ನೋಡಲು ತಕ್ಕ ಅವಕಾಶ ಸಿಗುವವರೆಗೆ ಕೊಂಡವನು ಅದನ್ನು ಒಪ್ಪಿಕೊಂಡ ಹಾಗಲ್ಲ ಎನ್ನುತ್ತದೆ 41ನೇ ಕಲಂ. ಆನ್‌ಲೈನ್ ಖರೀದಿ ಎಂದರೆ ಪೂರ್ತಿ ವಿವರಣೆ ನಂಬಿದ ಖರೀದಿಯೇ ಅಲ್ವಾ? ನಾಲ್ಕು ಫೋಟೊ, ಹತ್ತು ಸಾಲು ವಿವರ ನೋಡಿ ದುಡ್ಡು ಕಟ್ಟುತ್ತೇವೆ. ಸ್ಕ್ರೀನ್ ಮುಟ್ಟಿ ನೋಡುವುದು ದುಡ್ಡು ಹೋದ ಮೇಲೆ. ಹಳೆಯ ಕಾಯ್ದೆಯ ಈ ಮಾತುಗಳು ಇವತ್ತಿನ ಪಾರ್ಸೆಲ್ ಡಬ್ಬಿಗೂ ಹೊಂದುತ್ತವೆ.

ಬಾಗಿಲು ಇದ್ದರೂ ಒಳಗೆ ಹೋಗುವುದು ಕಷ್ಟವಿತ್ತು. ಸಿವಿಲ್ ಕೋರ್ಟು, ವಕೀಲರು, ಶುಲ್ಕ, ವರ್ಷಗಟ್ಟಲೆ ಅಲೆದಾಟ. ಒಂದು ಮಿಕ್ಸಿ, ಒಂದು ಫ್ಯಾನಿಗಾಗಿ ಯಾರು ಕೋರ್ಟು ಹತ್ತುತ್ತಾರೆ?

1985ರಲ್ಲಿ ವಿಶ್ವಸಂಸ್ಥೆ ಗ್ರಾಹಕ ರಕ್ಷಣೆಗೆ ಮಾರ್ಗಸೂಚಿ ತಂದಿತು. ಅದರ ಬೆನ್ನಿಗೇ ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂತು. 1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು, ಹಾಗಾಗಿ ಆ ದಿನವೇ ನಮ್ಮ ರಾಷ್ಟ್ರೀಯ ಗ್ರಾಹಕ ದಿನ. ಜಿಲ್ಲೆಗೊಂದು ವೇದಿಕೆ, ಮೇಲೆ ರಾಜ್ಯ ಆಯೋಗ, ಅದರ ಮೇಲೆ ರಾಷ್ಟ್ರೀಯ ಆಯೋಗ. ವಕೀಲರು ಇಲ್ಲದೆ ನಾವೇ ವಾದಿಸಬಹುದು. ದೋಷ ಸರಿಪಡಿಸಿ, ಇಲ್ಲವೇ ಬದಲಿಸಿ ಕೊಡಿ, ಇಲ್ಲವೇ ದುಡ್ಡು ವಾಪಸ್ ಕೊಡಿ ಎಂದು ಹೇಳುವ ಅಧಿಕಾರ ಆ ವೇದಿಕೆಗೆ ಸಿಕ್ಕಿತು. 1993ರ ತಿದ್ದುಪಡಿಯಲ್ಲಿ ಇನ್ನೊಂದು ಒಳ್ಳೆಯ ಮಾತು ಸೇರಿತು. ವ್ಯಾಪಾರಕ್ಕೆಂದು ಕೊಂಡವರು ಗ್ರಾಹಕರಲ್ಲ, ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರು ಗ್ರಾಹಕರೇ. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟಿನ ಡಿಸೈನ್ ಮಾಡಲು ಒಬ್ಬನೇ ಕೂತು ದುಡಿಯುವ ಹುಡುಗ, ಸಿಂಧನೂರಿನಲ್ಲಿ ಡಿಟಿಪಿ ಮಾಡುವ ಹೆಣ್ಣುಮಗಳು ಲ್ಯಾಪ್‌ಟಾಪ್ ಕೊಂಡರೆ, ಅವರು ಇದರ ಒಳಗೇ ಬರುತ್ತಾರೆ.

ಅಂಗಡಿಗಳಲ್ಲಿ ಮಾತ್ರ ಬಿಲ್ಲಿನ ಕೆಳಗೆ ಒಂದು ಸಾಲು ಉಳಿದೇ ಇತ್ತು. "ಒಮ್ಮೆ ಮಾರಿದ ಸಾಮಾನು ವಾಪಸ್ ತೆಗೆದುಕೊಳ್ಳುವುದಿಲ್ಲ." ಕೊಪ್ಪಳದ ಜವಾಹರ ರಸ್ತೆಯಲ್ಲಿ ಕೊಂಡ ಎಷ್ಟೋ ಸಾಮಾನಿನ ಬಿಲ್ಲಿನಲ್ಲಿ ನಾನೇ ಇದನ್ನು ಓದಿದ್ದೇನೆ. ಹಾಗೆ ಅಚ್ಚು ಹಾಕಿಸುವುದು ಸರಿಯಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 1999ರಲ್ಲೇ ರಾಜ್ಯಗಳಿಗೆ ತಿಳಿಸಿತ್ತು. ಸಾಲು ಹೋಗಲಿಲ್ಲ. ಆದರೂ ಪರಿಚಯದ ಅಂಗಡಿಯಲ್ಲಿ ಅದಕ್ಕೆ ಅಷ್ಟು ಬೆಲೆ ಇರಲಿಲ್ಲ. ಸಾಮಾನು ಕೆಟ್ಟರೆ ಹಿಡಿದುಕೊಂಡು ಹೋಗಿ ಗಲ್ಲಾಪೆಟ್ಟಿಗೆ ಮುಂದೆ ನಿಲ್ಲುತ್ತಿದ್ದೆವು. ನಾಲ್ಕು ಗಿರಾಕಿಗಳ ಎದುರಿಗೆ "ಇಲ್ಲ" ಎನ್ನಲು ಅಂಗಡಿಯವರಿಗೂ ಮುಜುಗರ.

ಆ ಗಲ್ಲಾಪೆಟ್ಟಿಗೆಯೇ ಮಾಯವಾದದ್ದು ಆನ್‌ಲೈನ್ ಬಂದ ಮೇಲೆ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತಾ ಶುರುವಾಯಿತು. 2010ರಲ್ಲಿ ಪಾರ್ಸೆಲ್ ಕೈಗೆ ಬಂದ ಮೇಲೆ ದುಡ್ಡು ಕೊಡುವ ಪದ್ಧತಿ ತಂದಿತು. ಕಾರ್ಡ್ ಇಲ್ಲದವರಿಗೂ ಇದರಿಂದ ದಾರಿಯಾಯಿತು. ಅಮೆಜಾನ್ 2013ರಲ್ಲಿ ಬಂತು. 2020ರ ಲಾಕ್‌ಡೌನ್‌ನಲ್ಲಿ ತರಗತಿಗಳು ಪರದೆಗೆ ಬಂದಾಗ ಲ್ಯಾಪ್‌ಟಾಪ್ ಎಂಬುದು ಓದುವ ಮಕ್ಕಳ ಮನೆಗೆ ಅಕ್ಕಿ ಬೇಳೆಯಷ್ಟೇ ಬೇಕಾದ ವಸ್ತುವಾಯಿತು.

ಇಲ್ಲೊಂದು ಗಂಟು ಬಿತ್ತು, ಅದನ್ನು ನಿಧಾನವಾಗಿ ಬಿಡಿಸಿಕೊಳ್ಳಬೇಕು. ಆ್ಯಪ್‌ನಲ್ಲಿ ಕೊಂಡ ವಸ್ತುವಿನ ಹಿಂದೆ ಮೂವರು ಇರುತ್ತಾರೆ. ತಯಾರಿಸಿದ ಕಂಪನಿ ಒಂದು, ಬಿಲ್ಲಿನಲ್ಲಿ ಹೆಸರಿರುವ ಮಾರಾಟಗಾರ ಇನ್ನೊಬ್ಬ, ಆ್ಯಪ್ ಮೂರನೆಯದು. ನಮಗೆ ಪರಿಚಯ ಇರುವುದು ಆ್ಯಪ್ ಒಂದೇ. ಆದರೆ ತಾನು ಬರೀ ಮಧ್ಯವರ್ತಿ ಎಂದು ಅದು ಹೇಳುತ್ತದೆ. ಹಾಗೆ ಹೇಳಲು ಕಾನೂನಿನಲ್ಲೇ ಜಾಗವಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಂ ಮಧ್ಯವರ್ತಿಗಳಿಗೆ ಕೆಲವು ಷರತ್ತುಗಳ ಮೇಲೆ ರಕ್ಷಣೆ ಕೊಡುತ್ತದೆ. ವಿದೇಶಿ ಬಂಡವಾಳದ ನಿಯಮವೂ ಸೇರಿಕೊಂಡಿತು. ವಿದೇಶಿ ಹಣ ಪಡೆದ ಕಂಪನಿ ತನ್ನದೇ ಸರಕು ಇಟ್ಟುಕೊಂಡು ಆನ್‌ಲೈನ್‌ನಲ್ಲಿ ಗ್ರಾಹಕರಿಗೆ ಮಾರುವಂತಿಲ್ಲ, ಬೇರೆಯವರು ಮಾರಲು ಕಟ್ಟೆ ಹಾಕಿಕೊಡಬಹುದು ಎಂದು 2016ರಲ್ಲಿ ಕೇಂದ್ರ ಸ್ಪಷ್ಟಪಡಿಸಿತು. ವಾರಂಟಿ, ಗ್ಯಾರಂಟಿ ಮಾರಾಟಗಾರನ ಹೊಣೆ ಎಂದೂ ಅದರಲ್ಲೇ ಹೇಳಿತು. ಆ್ಯಪ್ ಮಾರಾಟಗಾರನತ್ತ ಕೈ ತೋರಿಸುವುದಕ್ಕೆ, ಮಾರಾಟಗಾರ ಕಂಪನಿಯತ್ತ ಕೈ ತೋರಿಸುವುದಕ್ಕೆ ಹಿನ್ನೆಲೆ ಇದು. ನಡುವೆ ಗಂಗಾವತಿಯ ಹುಡುಗಿ ಚಾಟ್‌ನಲ್ಲಿ ದಿನಕ್ಕೊಬ್ಬರಿಗೆ ಅದೇ ಕಥೆ ಟೈಪ್ ಮಾಡುತ್ತಾ ಕೂರುತ್ತಾಳೆ.

ಎರಡನೇ ಗಂಟು ಊರಿನದ್ದು. 1986ರ ಕಾಯ್ದೆಯಲ್ಲಿ ದೂರು ಕೊಡಬೇಕಿದ್ದದ್ದು ಎದುರು ಪಾರ್ಟಿ ಇರುವ ಅಥವಾ ವ್ಯಾಪಾರ ಮಾಡುವ ಕಡೆ, ಇಲ್ಲವೇ ತಕರಾರಿಗೆ ಕಾರಣ ಹುಟ್ಟಿದ ಕಡೆ. ಅಂಗಡಿ ಕೊಪ್ಪಳದಲ್ಲೇ ಇದ್ದಾಗ ಇದು ಪ್ರಶ್ನೆಯೇ ಆಗಿರಲಿಲ್ಲ. ಮಾರಾಟಗಾರನ ಗೋದಾಮು ಹರಿಯಾಣದಲ್ಲೋ ಮಹಾರಾಷ್ಟ್ರದಲ್ಲೋ ಇದ್ದರೆ ಕಾರಣ ಹುಟ್ಟಿದ್ದು ಎಲ್ಲಿ? ಮನೆಯಲ್ಲಿ ಕೂತು ಬಟನ್ ಒತ್ತಿದಲ್ಲೋ, ಗೋದಾಮಿನಲ್ಲೋ? ಇಂಟರ್‌ನೆಟ್‌ನಲ್ಲಿ ಕೊಂಡ ವಿಮಾನ ಟಿಕೆಟ್ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಆಯೋಗ 2017ರಲ್ಲಿ ಗ್ರಾಹಕರ ಪರವಾಗಿ ನಿಂತು, ಅವರ ಊರಿನಲ್ಲೇ ದೂರು ನಡೆಯಬಹುದು ಎಂದಿತು. ಆದರೂ ಪ್ರತಿ ಸಲ ಮೊದಲು ಈ ಜಗಳವನ್ನೇ ಗೆಲ್ಲಬೇಕಿತ್ತು.

ಈ ಗಂಟನ್ನು ಬಿಚ್ಚಿದ್ದು 2019ರ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ. 2020ರ ಜುಲೈ 20ರಂದು ಅದು ಜಾರಿಗೆ ಬಂತು. ಅದರ 34ನೇ ಕಲಂ ದೂರುದಾರರು ವಾಸವಿರುವ ಅಥವಾ ದುಡಿಯುವ ಊರಿನ ಜಿಲ್ಲಾ ಆಯೋಗದಲ್ಲೇ (ಹಳೆಯ ಜಿಲ್ಲಾ ವೇದಿಕೆಗೆ ಈಗಿನ ಹೆಸರು) ದೂರು ಕೊಡಬಹುದು ಎನ್ನುತ್ತದೆ. ನನ್ನ ಮಟ್ಟಿಗೆ ಇಡೀ ಕಾಯ್ದೆಯಲ್ಲಿ ನಮ್ಮ ಭಾಗದ ಜನರಿಗೆ ಇದಕ್ಕಿಂತ ದೊಡ್ಡ ಸಾಲು ಇನ್ನೊಂದಿಲ್ಲ. ಕೊಪ್ಪಳ ಜಿಲ್ಲೆಯಾದದ್ದೇ 1997ರಲ್ಲಿ. ಅಲ್ಲಿವರೆಗೆ ಎಲ್ಲದಕ್ಕೂ ರಾಯಚೂರಿಗೆ ಓಡುತ್ತಿದ್ದ ಜನ ನಾವು. ಈಗ ದೂರದ ಮಾರಾಟಗಾರ ಕೊಪ್ಪಳಕ್ಕೆ ಬಂದು ಉತ್ತರ ಕೊಡಬೇಕು. ಆನ್‌ಲೈನ್‌ನಲ್ಲಿ ಕೊಂಡವರೂ ಗ್ರಾಹಕರೇ ಎಂದು ಕಾಯ್ದೆ ಬಾಯಿಬಿಟ್ಟು ಹೇಳಿದ್ದೂ ಈ ಸಲವೇ. ದೋಷವಿರುವ ಮಾಲು ವಾಪಸ್ ತೆಗೆದುಕೊಳ್ಳದೆ, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ ದುಡ್ಡು ಮರಳಿಸದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದೂ ಸೇರಿತು.

ಮೂರು ದಿನ ಬಿಟ್ಟು, ಜುಲೈ 23ರಂದು ಇ-ಕಾಮರ್ಸ್ ನಿಯಮಗಳು ಬಂದವು. ಆ್ಯಪ್‌ಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ. ಮಾರಾಟಗಾರನ ಹೆಸರು, ವಿಳಾಸ ಕಾಣುವಂತೆ ಹಾಕಬೇಕು. ಇವೆಲ್ಲದರ ನಡುವೆ 6ನೇ ನಿಯಮವನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು. ವಸ್ತು ದೋಷಪೂರಿತವಾಗಿದ್ದರೆ, ನಕಲಿಯಾಗಿದ್ದರೆ, ಅಥವಾ ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಾಟಗಾರ ಅದನ್ನು ವಾಪಸ್ ತೆಗೆದುಕೊಳ್ಳಲು, ದುಡ್ಡು ಮರಳಿಸಲು ನಿರಾಕರಿಸುವಂತಿಲ್ಲ. ಏಳು ದಿನ ಎಂಬ ಮಾತು ಅಲ್ಲಿ ಇಲ್ಲವೇ ಇಲ್ಲ.

ಬಣ್ಣ ಹಿಡಿಸಲಿಲ್ಲ, ಮನಸ್ಸು ಬದಲಾಯಿತು ಎಂದು ವಾಪಸ್ ಕೊಡಲು ಮಾತ್ರ ನಮ್ಮಲ್ಲಿ ಸಾಮಾನ್ಯ ಹಕ್ಕು ಇಲ್ಲ. ಅದು ಆ್ಯಪ್ ತಾನಾಗಿ ಕೊಡುವ ಸೌಲಭ್ಯ, ಅಲ್ಲಿ ಏಳು ದಿನ ಎಂದರೆ ಏಳೇ ದಿನ. ಕೆಟ್ಟ ಮಾಲಿನ ಲೆಕ್ಕ ಬೇರೆ. ಇವೆರಡನ್ನೂ ಒಂದೇ ಬಟನ್ನಿನ ಹಿಂದೆ ಇಟ್ಟಿರುವುದರಿಂದ ಜನ ಎರಡೂ ಒಂದೇ ಎಂದುಕೊಳ್ಳುತ್ತಾರೆ.

ಹಾಗಂತ ಕೇಳಿದ ತಕ್ಷಣ ಹೊಸ ಲ್ಯಾಪ್‌ಟಾಪ್ ಸಿಗುತ್ತದೆ ಎಂದಲ್ಲ. ಹೊಸ ಕಾರಿನ ದೋಷದ ಪ್ರಕರಣವೊಂದರಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ಕೆಟ್ಟ ಭಾಗ ಬದಲಿಸಿದರೆ ಸಾಕಾಗುವಾಗ ಇಡೀ ಕಾರನ್ನೇ ಬದಲಿಸಿ ಎನ್ನಲಾಗದು ಎಂದಿತ್ತು. ಲ್ಯಾಪ್‌ಟಾಪ್ ಕಂಪನಿಗಳೂ ಇದೇ ವಾದ ಹೂಡಬಹುದು. ಅದಕ್ಕೇ ದೋಷ ಯಾವತ್ತು ಕಂಡಿತು, ಯಾವತ್ತು ತಿಳಿಸಿದೆವು, ಎಷ್ಟು ಸಲ ರಿಪೇರಿಯಾಯಿತು ಎಂಬ ದಾಖಲೆಯೇ ಮುಖ್ಯ. ಪಾರ್ಸೆಲ್ ಬಿಚ್ಚುವ ವಿಡಿಯೊ, ದೋಷ ಕಾಣುವ ವಿಡಿಯೊ, ಚಾಟ್‌ನ ಸ್ಕ್ರೀನ್‌ಶಾಟ್, ಸರ್ವಿಸ್ ಸೆಂಟರ್‌ನ ಜಾಬ್ ಶೀಟ್. ಸರ್ವಿಸ್ ಸೆಂಟರ್‌ನವರು "ಡಿಒಎ" ಎಂದು ಬರೆದುಕೊಟ್ಟರೆ, ಅಂದರೆ ವಸ್ತು ಕೈಗೆ ಬಂದಾಗಲೇ ಕೆಟ್ಟಿತ್ತು ಎಂದು ಒಪ್ಪಿದರೆ, ಅರ್ಧ ಕೆಲಸ ಮುಗಿಯಿತು. ಬರೆದುಕೊಡದಿದ್ದರೂ ದಾರಿ ಮುಚ್ಚುವುದಿಲ್ಲ. ಪರೀಕ್ಷೆ ಇಲ್ಲದೆ ದೋಷ ಗೊತ್ತಾಗದಿದ್ದರೆ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿದೆ.

ಅಕ್ಕನ ಮಗಳು ಹುಬ್ಬಳ್ಳಿಗೆ ಹೋದಳು. ಭಾವನ ಒಂದು ದಿನ ಅದಕ್ಕೇ ಹೋಯಿತು. "ಅರ್ಧ ತಾಸು ಹಚ್ಚಿ ಇಡ್ರಿ ಸರ್" ಎಂದು ಪಟ್ಟು ಹಿಡಿದು ಕೂತಳು. ಇಪ್ಪತ್ತೆರಡನೇ ನಿಮಿಷಕ್ಕೆ ಸ್ಕ್ರೀನ್ ಆರಿತು. ಜಾಬ್ ಶೀಟಿನಲ್ಲಿ ಅದನ್ನೇ ಬರೆಸಿಕೊಂಡು ಬಂದಳು.

ಆಮೇಲೆ ಇಬ್ಬರೂ ಕೂತು ಕುಂದುಕೊರತೆ ಅಧಿಕಾರಿಗೆ ಇಮೇಲ್ ಬರೆದೆವು. ನಾಲ್ಕನೇ ದಿನವೇ ದೂರು ಕೊಟ್ಟಿದ್ದು, ಟೆಕ್ನಿಷಿಯನ್ ತಡವಾಗಿ ಬಂದದ್ದು, ಜಾಬ್ ಶೀಟ್, 2020ರ ನಿಯಮದ ಸಂಖ್ಯೆ, ಎಲ್ಲ ಒಂದೇ ಪುಟದಲ್ಲಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೆವು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸಹಾಯವಾಣಿ ಆದೇಶ ಕೊಡುವ ಜಾಗವಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ಕೇಳುತ್ತದೆ ಅಷ್ಟೇ. ಅಲ್ಲೂ ಆಗದಿದ್ದರೆ ಕೊಪ್ಪಳದ ಜಿಲ್ಲಾ ಆಯೋಗಕ್ಕೆ ಹೋಗುವುದೆಂದು ಕಾಗದಗಳನ್ನು ಜೋಡಿಸಿಟ್ಟಿದ್ದೆವು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಶುಲ್ಕ ಇಲ್ಲ. ಮನೆಯಿಂದಲೇ ದೂರು ಸಲ್ಲಿಸಲು 2020ರಲ್ಲಿ ಇ-ದಾಖಿಲ್ ಎಂಬ ಸರ್ಕಾರಿ ಜಾಲತಾಣ ಬಂದಿತ್ತು, 2025ರಿಂದ ಇ-ಜಾಗೃತಿ ಬಂದಿದೆ. ವಿಚಾರಣೆ ಮೂರು ತಿಂಗಳಲ್ಲಿ, ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಮುಗಿಯಬೇಕು ಎಂದು ಕಾಯ್ದೆ ಹೇಳುತ್ತದೆ. ನಿಜದಲ್ಲಿ ಜಾಸ್ತಿ ಹಿಡಿಯುವುದುಂಟು. ಆ ಕಾಯುವಿಕೆಯ ಭಯಕ್ಕೇ ಅರ್ಧ ಜನ ಹಿಂದೆ ಸರಿಯುತ್ತಾರೆ. ಕಾಯ್ದೆಯ ಈ ಒಂದು ಭಾಗ ಇನ್ನೂ ಕಾಗದದಿಂದ ಪೂರ್ತಿ ಇಳಿದು ಬಂದಿಲ್ಲ ಎನ್ನುವುದು ನನ್ನ ಸಂಕಟ.

ನಮಗೆ ಅಲ್ಲಿವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಇಮೇಲ್ ಕಳಿಸಿದ ಮೂರನೇ ವಾರದಲ್ಲಿ ಪಾರ್ಸೆಲ್ ಒಯ್ಯಲು ಹುಡುಗ ಬಂದ. ಐದು ದಿನ ಬಿಟ್ಟು ಭಾವನ ಖಾತೆಗೆ ಪೂರ್ತಿ ದುಡ್ಡು ಬಂತು. ಅವಳು ಇನ್ನೊಂದು ಲ್ಯಾಪ್‌ಟಾಪ್ ತರಿಸಿದ್ದಾಳೆ, ಆನ್‌ಲೈನ್‌ನಲ್ಲೇ. ಈ ಸಲ ಡಬ್ಬಿ ಬಿಚ್ಚಿದ ದಿನವೇ ನಾಲ್ಕು ತಾಸು ಹಚ್ಚಿಟ್ಟು ನೋಡಿದಳಂತೆ. ಬಿಲ್ಲಿನ ಪ್ರತಿ ತೆಗೆದು ಫೈಲಿಗೆ ಹಾಕಿದ್ದಾಳೆ. ದೋಷ ಕಂಡರೆ ಆಯೋಗಕ್ಕೆ ದೂರು ಕೊಡಲು ಅಲ್ಲಿಂದ ಎರಡು ವರ್ಷ ಸಮಯವಿದೆ ಎಂದು ಅದರ ಹಿಂದೆ ಪೆನ್ನಿನಲ್ಲಿ ಬರೆದಿಟ್ಟಿದ್ದಾಳೆ.